ಮನೆಯಲ್ಲೇ ಓದುವ ಮೇಜು ಮಾಡಬೇಕು: ಮೊದಲು ಯಾವ ಹತ್ಯಾರು?

ಹೊಸ ಹಲಗೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಸುಮಾರು 3 ಮೀಟರ್ ಉದ್ದ, 2.5 ಮೀಟರ್ ಅಗಲ. ಅಲ್ಲಿ ಮರಗೆಲಸ ಶುರು ಮಾಡಬೇಕು ಅಂತ ಬಹಳ ಕಾಲದ ಆಸೆ. ಮೊದಲ ಕೆಲಸ ಮಗಳಿಗೆ ಒಂದು ಓದುವ ಮೇಜು. 1200 ಮಿ.ಮೀ. ಉದ್ದ, 600 ಮಿ.ಮೀ. ಅಗಲ, ಮೇಲ್ಹಲಗೆ 25 ಮಿ.ಮೀ. ದಪ್ಪ. ಪ್ಲೈವುಡ್ ಬೇಡ, ಅಸಲಿ ಮರದಲ್ಲೇ ಆಗಬೇಕು.

ನನ್ನ ಯೋಚನೆ ಹೀಗಿದೆ. ನಾಲ್ಕು ಕಾಲು, ಅವುಗಳ ನಡುವೆ ಸುತ್ತ ನಾಲ್ಕು ಪಟ್ಟಿ. ಪಟ್ಟಿಗಳ ಮೇಲೆ ಗೋಂದು ಹಚ್ಚಿ ಹಲಗೆ ಕೂರಿಸಿ, ಕೆಳಗಿನಿಂದ ಸ್ಕ್ರೂ ಹಾಕಿ ಸುತ್ತಲೂ ಬಿಗಿ ಮಾಡುವುದು. ಈಗ ಕೈಯಲ್ಲಿರುವುದು ಒಂದು ಡ್ರಿಲ್, ಸುತ್ತಿಗೆ, ಒಂದೆರಡು ಮೊಂಡು ಉಳಿ. ಟೇಬಲ್ ಸಾ (ಮೇಜಿನ ನಡುವೆ ಬ್ಲೇಡ್ ತಿರುಗುವ ಗರಗಸ), ರೌಟರ್ (ಅಂಚು, ಸಾಲು ಕೊರೆಯುವ ಯಂತ್ರ), ಸ್ಯಾಂಡರ್ (ಉಜ್ಜಿ ನುಣುಪು ಮಾಡುವ ಯಂತ್ರ), ಇವುಗಳಲ್ಲಿ ಮೊದಲು ಯಾವುದನ್ನು ತಗೊಳ್ಳಲಿ? ಪಕ್ಕದ ಮನೆಗೂ ನಮಗೂ ಗೋಡೆ ಒಂದೇ, ಹಾಗಾಗಿ ಸದ್ದಿನ ಚಿಂತೆಯೂ ಇದೆ.

ಹಳೆ ಕೊಡತಿ

ಟೇಬಲ್ ಸಾ ಸದ್ಯಕ್ಕೆ ಬೇಡ. ಆ ಕೋಣೆಗೆ ಅದು ಹೊಂದುವುದಿಲ್ಲ. 1200 ಮಿ.ಮೀ. ಹಲಗೆ ಸೀಳಬೇಕಾದರೆ ಬ್ಲೇಡಿನ ಈಚೆ ಅಷ್ಟು, ಆಚೆ ಅಷ್ಟು ಜಾಗ ಖಾಲಿ ಇರಬೇಕು. ನೀವು ನಿಲ್ಲುವ ಜಾಗ ಬೇರೆ. ಮೂರು ಮೀಟರ್ ಅಲ್ಲೇ ಮುಗಿದುಹೋಗುತ್ತದೆ.

ನನ್ನ ಕಣ್ಣು ನಿಂತಿದ್ದು ನಿಮ್ಮ ಆ ಮೊಂಡು ಉಳಿಗಳ ಮೇಲೆ. ಮೊದಲು ತಗೊಳ್ಳಬೇಕಾದದ್ದು ಸಾಣೆಗೆ ಬೇಕಾದ ಸಾಮಾನು. ಮೊಂಡು ಉಳಿಗೆ ಜಾಸ್ತಿ ಬಲ ಬೇಕು. ಬಲ ಜಾಸ್ತಿ ಆದಾಗಲೇ ಅದು ಗೆರೆ ದಾಟುವುದು, ಜಾರಿ ಕೈಗೆ ಬರುವುದು. ಹರಿತವಾದ ಉಳಿ ನೀವು ಇಟ್ಟಲ್ಲಿ ನಿಲ್ಲುತ್ತದೆ, ತಳ್ಳಿದಷ್ಟೇ ಹೋಗುತ್ತದೆ. ಎಷ್ಟು ಯಂತ್ರ ತಂದರೂ ಜೋಡಣೆ ಸರಿಯಾಗಿ ಕೂರಲು ಕೊನೆಗೆ ಒಂದು ಎಳೆ ತೆಗೆಯುವ ಕೆಲಸ ಉಳಿಯದ್ದೇ.

ಸಾಣೆ ಆದಮೇಲೆ ಬೇಕಾದದ್ದು ಬಹಳ ಇಲ್ಲ. 6, 12, 25 ಮಿ.ಮೀ. ಅಗಲದ ಉಳಿಗಳು. ಒಂದು ಕೊಡತಿ. ಅಡ್ಡ ಕೊಯ್ಯಲು ಒಂದು ಬದಿ, ಉದ್ದಕ್ಕೆ ಸೀಳಲು ಇನ್ನೊಂದು ಬದಿ ಹಲ್ಲಿರುವ ಜಪಾನಿ ಗರಗಸ ಒಂದು. ಅದು ಎಳೆಯುವಾಗ ಕೊಯ್ಯುತ್ತದೆ, ಹಾಗಾಗಿ ಬ್ಲೇಡ್ ತೆಳ್ಳಗಿದ್ದರೂ ಬಾಗುವುದಿಲ್ಲ, ಹೊಸಬರ ಕೈಗೆ ಬೇಗ ಹಿಡಿಯುತ್ತದೆ. ಒಂದು ಮೂಲೆಮಟ್ಟ, ಗೆರೆ ಎಳೆಯುವ ಗೇಜ್, ಗುರುತಿಗೆ ಚೂಪು ಚಾಕು. ಮತ್ತೆ 5ನೇ ನಂಬರಿನ ಕೀಸುಳಿ, ಸುಮಾರು 350 ಮಿ.ಮೀ. ಉದ್ದದ್ದು. ಈ ನಂಬರುಗಳು ಲಿಯೊನಾರ್ಡ್ ಬೈಲಿ ರೂಪಿಸಿದ ಕಬ್ಬಿಣದ ಕೀಸುಳಿಗಳಿಂದ ಬಂದವು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಪೇಟೆಂಟುಗಳನ್ನು ಕೊಂಡಿತು. ಇಂದಿಗೂ ಬೇರೆ ಕಂಪನಿಗಳ ಕೀಸುಳಿಗೂ ಅದೇ ನಂಬರು.

ಹಳೆ ಕೀಸುಳಿ ಸಿಕ್ಕರೆ ಬಿಡಬೇಡಿ. ಮೇಲ್ಮೈ ತುಕ್ಕಿಗೆ ಹೆದರಬೇಕಿಲ್ಲ, ಉಜ್ಜಿದರೆ ಹೋಗುತ್ತದೆ. ಎರಡು ಕಡೆ ಮಾತ್ರ ಗಮನ ಇರಲಿ. ತಳದಲ್ಲಿ ಬ್ಲೇಡ್ ಹೊರಬರುವ ಬಾಯಿ ಇದೆಯಲ್ಲ, ಅದರ ಅಂಚಿನಿಂದ ಬಿರುಕು ಶುರುವಾಗಿದ್ದರೆ ಬೇಡ. ಬ್ಲೇಡಿನ ಹಿಂಬದಿಯಲ್ಲಿ, ಅಲಗಿನ ಹತ್ತಿರ ತುಕ್ಕು ಕೊರೆದ ಆಳದ ಗುಳಿಗಳಿದ್ದರೆ ಹೊಸ ಬ್ಲೇಡ್ ಹಾಕಲೇಬೇಕು. ಗುಳಿ ಇರುವ ಕಡೆ ಅಲಗು ಎಂದೂ ಕೂಡಿಬರುವುದಿಲ್ಲ.

ಗರಗಸದ ಹಲ್ಲು

ಕೊಡತಿ ಸರ್, ಸಾಣೆಯ ಮಾತು ನೂರಕ್ಕೆ ನೂರು ಒಪ್ಪಿದೆ. ಆದರೆ ಒರಟು ಹಲಗೆಯನ್ನು ಕೈಯಿಂದಲೇ ಹದಕ್ಕೆ ತರಲಿ ಅಂತ ಹೊಸಬರಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಐದಾರು ಹಲಗೆ, ನಾಲ್ಕು ಕಾಲು, ಎಲ್ಲದರ ನಾಲ್ಕೂ ಮುಖ ಕೀಸುವಷ್ಟರಲ್ಲಿ ಮೇಜಿನ ಆಸೆಯೇ ಬತ್ತಿಹೋಗುತ್ತದೆ. ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ.

ಹೊಸ ಹಲಗೆ ಅವರೇ, ಮರ ತರುವ ಕಡೆಯೇ ಯಂತ್ರದಲ್ಲಿ ಕೀಸಿಸಿಕೊಳ್ಳಿ. ಬೇಕಾದ ದಪ್ಪಕ್ಕಿಂತ ಎರಡು ಮೂರು ಮಿ.ಮೀ. ಜಾಸ್ತಿಯೇ ಉಳಿಸಿ. ಆಮೇಲಿನ ಸಣ್ಣ ತಿದ್ದುಪಡಿಗೆ ಕೈ ಕೀಸುಳಿ ಸಾಕು. ಒಂದೇ ಯಂತ್ರ ತಗೊಳ್ಳುವುದಾದರೆ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ತಗೊಳ್ಳಿ. ನೇರ ಪಟ್ಟಿಯೊಂದನ್ನು ಕ್ಲಾಂಪಿನಿಂದ ಬಿಗಿದು, ಅದಕ್ಕೆ ಒರಗಿಸಿ ಓಡಿಸಿದರೆ ನೇರ ಕೊಯ್ತ ಸಿಗುತ್ತದೆ. ಕೆಲಸ ಮುಗಿದ ಮೇಲೆ ಕಪಾಟಿನಲ್ಲಿ ಇಡಬಹುದು. ಬ್ಲೇಡ್ ಹಲಗೆಯ ಕೆಳಗೆ ಕೆಲವು ಮಿ.ಮೀ. ಮಾತ್ರ ಇಣುಕುವಂತೆ ಆಳ ಹೊಂದಿಸಿ. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡ್ ಹಿಡಿದರೆ ಯಂತ್ರ ಹಿಂದಕ್ಕೆ ಚಿಮ್ಮುತ್ತದೆ. ಅದಕ್ಕೇ ಹಲಗೆಯ ಎರಡೂ ಭಾಗಕ್ಕೆ ಕೆಳಗಿನಿಂದ ಆಸರೆ ಇರಬೇಕು. ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಬೇಡ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ರೌಟರ್ ಕಾಯಲಿ. ಈ ಮೇಜಿಗೆ ಅದರ ಅಗತ್ಯವೇ ಇಲ್ಲ.

ಹೊಸ ಹಲಗೆ

ಇಬ್ಬರಿಗೂ ಥ್ಯಾಂಕ್ಸ್. ಮರವನ್ನು ಕೀಸಿಸಿಯೇ ತರುತ್ತೇನೆ. ಕೊಡತಿ ಸರ್, ಸಾಣೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀರಾ? ಒಬ್ಬೊಬ್ಬರು ಒಂದೊಂದು ಕೋನ, ಒಂದೊಂದು ಕಲ್ಲು ಹೇಳುತ್ತಾರೆ. ಹರಿತ ಆಯ್ತು ಅಂತ ಗೊತ್ತಾಗುವುದು ಹೇಗೆ?

ಹಳೆ ಕೊಡತಿ

ಕೋನದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಉಳಿಯ ಇಳಿಜಾರು ಸಾಮಾನ್ಯವಾಗಿ 25 ಡಿಗ್ರಿಗೆ ಇರುತ್ತದೆ. ಅದರ ತುದಿಯಲ್ಲಿ ಮಾತ್ರ, ಒಂದು ಸಣ್ಣ ಪಟ್ಟಿಯಷ್ಟನ್ನು 30 ಡಿಗ್ರಿಗೆ ತೀಡಿ. ಇಡೀ ಇಳಿಜಾರನ್ನು ತೀಡುವ ಶ್ರಮ ಉಳಿಯುತ್ತದೆ, ಅಲಗೂ ಗಟ್ಟಿ ಇರುತ್ತದೆ. ಹೊಸಬರಿಗೆ ಉಳಿಯನ್ನು ಕೋನದಲ್ಲಿ ಹಿಡಿಯುವ ಗಾಲಿ ಗೈಡ್ ಬಹಳ ಸಹಾಯ. ಅದನ್ನು ಬಳಸಲು ಸಂಕೋಚ ಬೇಡ.

ಕಲ್ಲು ಇಲ್ಲದಿದ್ದರೂ ನಡೆಯುತ್ತದೆ. ದಪ್ಪ ಗಾಜಿನ ತುಂಡೊಂದರ ಮೇಲೆ ನೀರು ಹಾಕುವಂಥ ಸ್ಯಾಂಡ್ ಪೇಪರ್ ಅಂಟಿಸಿ. ನಂಬರು ಏರಿದಷ್ಟೂ ಕಾಗದ ನುಣುಪು. ಉಳಿ ತುಂಬಾ ಹಾಳಾಗಿದ್ದರೆ 220ರಿಂದ, ಸುಮಾರಾಗಿದ್ದರೆ 400ರಿಂದ ಶುರು ಮಾಡಿ 1000, 2000ಕ್ಕೆ ಬನ್ನಿ. ಕಾಗದ ಬೇಗ ಸವೆಯುತ್ತದೆ, ಅದೊಂದೇ ತೊಂದರೆ. ಮರಗೆಲಸ ಮುಂದುವರಿಸುವ ಮನಸ್ಸಿದ್ದರೆ 1000 ಮತ್ತು 4000 ಅಥವಾ 6000 ನಂಬರಿನ ಎರಡು ನೀರುಗಲ್ಲು ತಗೊಳ್ಳಿ. ಕಲ್ಲಿನ ನಡು ಸವೆದು ಗುಂಡಿ ಬೀಳುತ್ತದೆ. ಅದನ್ನು ಆಗಾಗ ಗಾಜಿನ ಮೇಲಿನ ಒರಟು ಕಾಗದಕ್ಕೆ ಉಜ್ಜಿ ಸಮ ಮಾಡುತ್ತಿರಿ. ಗುಂಡಿ ಬಿದ್ದ ಕಲ್ಲಿನಲ್ಲಿ ಎಷ್ಟು ತೀಡಿದರೂ ಉಳಿ ನೇರ ಬರುವುದಿಲ್ಲ.

ಮೊದಲ ಕೆಲಸ ಉಳಿಯ ಹಿಂಬದಿ. ಹೆಚ್ಚಿನವರು ಇದನ್ನು ಬಿಟ್ಟೇಬಿಡುತ್ತಾರೆ. ಅಲಗು ಅಂದರೆ ಎರಡು ಮುಖ ಸೇರುವ ಗೆರೆ. ಒಂದು ಮುಖ ಕನ್ನಡಿಯಾಗಿ ಇನ್ನೊಂದು ಒರಟಾಗಿದ್ದರೆ ಆ ಗೆರೆಯೂ ಒರಟೇ. ಇಡೀ ಹಿಂಬದಿ ಬೇಕಿಲ್ಲ. ಅಲಗಿನಿಂದ ಎರಡು ಮೂರು ಸೆಂಟಿಮೀಟರ್ ಸಪಾಟಾಗಿ ಹೊಳೆದರೆ ಸಾಕು. ಪ್ರತಿ ಉಳಿಗೂ ಈ ಕೆಲಸ ಒಮ್ಮೆ ಮಾತ್ರ.

ಆಮೇಲೆ ಇಳಿಜಾರು ತೀಡಿ. ಹಿಂಬದಿಯ ಅಂಚಿನಲ್ಲಿ ಬೆರಳಿಗೆ ಸಣ್ಣ ಮಡಿಕೆ ತಾಗುತ್ತದೆ. ಅಂಚಿನ ಈ ತುದಿಯಿಂದ ಆ ತುದಿಯವರೆಗೆ ಅದು ಬರುವ ತನಕ ಮುಂದಿನ ಕಲ್ಲಿಗೆ ಹೋಗಬೇಡಿ. ಮಡಿಕೆ ಬಂದಿಲ್ಲ ಅಂದರೆ ನೀವು ಇನ್ನೂ ಅಲಗನ್ನು ಮುಟ್ಟಿಲ್ಲ ಅಂತಲೇ ಅರ್ಥ. ಕೊನೆಗೆ ಹಿಂಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಚಪ್ಪಟೆಯಾಗಿ ಇಟ್ಟು ಒಂದೆರಡು ಬಾರಿ ಎಳೆದು ಮಡಿಕೆ ತೆಗೆಯಿರಿ. ನಂತರ ಹಸಿರು ಪಾಲಿಶ್ ಹಚ್ಚಿದ ಚರ್ಮದ ಮೇಲೆ ಎಳೆಯಿರಿ. ತಳ್ಳಬೇಡಿ, ಚರ್ಮ ಕುಯ್ದುಹೋಗುತ್ತದೆ.

ಹರಿತ ನೋಡಲು ಹೆಬ್ಬೆರಳಿನ ಉಗುರು, ಕೈಯ ಕೂದಲು ಅಂತೆಲ್ಲ ಹೇಳುತ್ತಾರೆ. ನನಗೆ ನಂಬಿಕೆ ಇರುವುದು ಮರದ ಮೇಲೆ. ಪೈನ್‌ನಂಥ ಮೆದು ಮರದ ತುಂಡು ತಗೊಂಡು, ಅದರ ಅಡ್ಡಕೊಯ್ದ ತುದಿಯಿಂದ ಒಂದು ತೆಳು ಪದರ ಕೈಬಲದಿಂದಲೇ ತೆಗೆಯಿರಿ. ಮೆದು ಮರ ಸುಲಭ ಅಂತ ಅನ್ನಿಸುತ್ತದೆ, ಆದರೆ ಪರೀಕ್ಷೆಗೆ ಅದೇ ಕಠಿಣ. ಉಳಿ ಮೊಂಡಾಗಿದ್ದರೆ ನಾರು ಕುಸಿದು ಪುಡಿಪುಡಿಯಾಗಿ ಕಿತ್ತು ಬರುತ್ತದೆ. ಹರಿತವಾಗಿದ್ದರೆ ಮೇಲ್ಮೈ ನುಣುಪಾಗಿ ಮಿನುಗುತ್ತದೆ.

ಗ್ರೈಂಡರ್ ಬಳಸುವವರಿಗೆ ಒಂದು ಮಾತು. ಕಾರ್ಬನ್ ಉಕ್ಕಿನ ಅಲಗು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿಯ ಗಡಸುತನ ಹೋಯಿತು ಅಂತ ತಿಳಿಯಿರಿ. ಆ ನೀಲಿ ಭಾಗವನ್ನು ಪೂರ್ತಿ ಸವೆಸಿ ತೆಗೆಯದೆ ಬೇರೆ ದಾರಿ ಇಲ್ಲ. ಹಾಗಾಗಿ ಹಗುರಾಗಿ ಮುಟ್ಟಿಸಿ, ಪದೇಪದೇ ನೀರಿಗೆ ಅದ್ದಿ.

ನಾರಿನ ಗುಂಟ

ಹತ್ಯಾರಿನ ಮಾತಿನಲ್ಲಿ ಒಂದು ದೊಡ್ಡ ವಿಷಯ ಹಾಗೇ ಉಳಿದುಹೋಗಿದೆ. ಹೊಸ ಹಲಗೆ ಅವರು ಮೇಲ್ಹಲಗೆಯನ್ನು ಸುತ್ತಲೂ ಗೋಂದು, ಸ್ಕ್ರೂ ಹಾಕಿ ಬಿಗಿ ಮಾಡುತ್ತೇನೆ ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೇ ಹರಿತವಾದ ಉಳಿಯಿಂದ, ಎಷ್ಟೇ ಅಚ್ಚುಕಟ್ಟಾಗಿ ಮಾಡಿದರೂ ಆ ಮೇಜು ಸೀಳುವ ಸಾಧ್ಯತೆ ಇದೆ.

ಮರ ಕಡಿದು, ಒಣಗಿಸಿ, ಕೀಸಿ, ಪಾಲಿಶ್ ಮಾಡಿದ ಮೇಲೂ ಗಾಳಿಯ ತೇವ ಹೀರುತ್ತಲೇ ಇರುತ್ತದೆ, ಬಿಡುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ 30% ಇದ್ದರೆ ಮರದೊಳಗಿನ ತೇವ ಸುಮಾರು 6%ಕ್ಕೆ ಬಂದು ನಿಲ್ಲುತ್ತದೆ. 65% ಇದ್ದರೆ ಸುಮಾರು 12%, 80% ಇದ್ದರೆ ಸುಮಾರು 16%. ತೇವ ಏರಿದಾಗ ಮರ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಪಾಲಿಶ್ ಇದನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ.

ಮುಖ್ಯ ಏನೆಂದರೆ ಮರ ಎಲ್ಲ ದಿಕ್ಕಿಗೂ ಒಂದೇ ಥರ ಹಿಗ್ಗುವುದಿಲ್ಲ. ನಾರಿನ ಉದ್ದಕ್ಕೆ ಬದಲಾವಣೆ ಇಲ್ಲವೆನ್ನುವಷ್ಟು ಕಮ್ಮಿ. ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ 0.1ರಿಂದ 0.2% ಇರಬಹುದು. ನಾರಿಗೆ ಅಡ್ಡಲಾಗಿ ಮಾತ್ರ ದೊಡ್ಡ ಬದಲಾವಣೆ. ಅದರಲ್ಲೂ ಬೆಳವಣಿಗೆಯ ಉಂಗುರದ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಆಗುವುದರ ಸುಮಾರು ಎರಡರಷ್ಟು. ತೇಗದಲ್ಲಿ ಇದು ಸುಮಾರು 5% ಮತ್ತು 2.5%. ತೇಗಕ್ಕೆ ಅಷ್ಟು ಮರ್ಯಾದೆ ಇರುವುದಕ್ಕೆ ಇದೂ ಒಂದು ಕಾರಣ. ಬೀಚ್ ಮರದಲ್ಲಿ ಸುಮಾರು 12% ಮತ್ತು 6%.

ನಿಮ್ಮ ಮೇಜಿಗೆ ಲೆಕ್ಕ ಹಾಕೋಣ. ಮರದ ತೇವ ಸುಮಾರು 30%ಕ್ಕಿಂತ ಕೆಳಗಿಳಿದ ಮೇಲೆಯೇ ಕುಗ್ಗುವುದು ಶುರು. ಹಾಗಾಗಿ ಮೇಲಿನ ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು 30ರಿಂದ ಭಾಗಿಸಿದರೆ, ತೇವ ಒಂದು ಅಂಶ ಬದಲಾದಾಗ ಎಷ್ಟು ಅಂತ ಸಿಗುತ್ತದೆ. ವರ್ಷದಲ್ಲಿ ಮರದ ತೇವ 4 ಅಂಶ ಏರಿಳಿಯಿತು ಅಂತ ಇಟ್ಟುಕೊಳ್ಳಿ. 600 ಮಿ.ಮೀ. ಅಗಲದ ತೇಗದ ಹಲಗೆ ಸುಮಾರು 4 ಮಿ.ಮೀ. ಬದಲಾಗುತ್ತದೆ. ಬೀಚ್ ಆದರೆ ಒಂಬತ್ತೂವರೆ ಮಿ.ಮೀ. ಹತ್ತಿರ. ಈಗ ಅಗಲದ ಕಡೆಯ ಪಟ್ಟಿ ನೋಡಿ. ಅದರ ನಾರು 600 ಮಿ.ಮೀ. ಉದ್ದಕ್ಕೂ ಮಲಗಿದೆ. ಅದು ಬದಲಾಗುವುದೇ ಇಲ್ಲ. ಮೇಲಿನದು ಕುಗ್ಗಬೇಕು, ಕೆಳಗಿನದು ಬಿಡುವುದಿಲ್ಲ. ಗೋಂದು ಗಟ್ಟಿಯಿದ್ದಷ್ಟೂ ಮೇಲ್ಹಲಗೆ ಸೀಳುವುದು ಖಚಿತವಾಗುತ್ತದೆ. ಸ್ಕ್ರೂ ಬಿಗಿಯಿದ್ದರೆ ಒಂದೋ ಹಲಗೆ ಸೀಳುತ್ತದೆ, ಇಲ್ಲ ಸ್ಕ್ರೂ ತನ್ನ ತೂತನ್ನು ಕಿತ್ತು ಸಡಿಲ ಮಾಡಿಕೊಳ್ಳುತ್ತದೆ.

ನನಗೆ ಮರಗೆಲಸದಲ್ಲಿ ಅತ್ಯಂತ ಇಷ್ಟವಾದ ವಿಷಯವೇ ಇದು. ಹಳೆಯ ಬಾಗಿಲುಗಳಲ್ಲಿ ಚೌಕಟ್ಟಿನ ಒಳಗೆ ಹಲಗೆ ಕೂರಿಸಿರುತ್ತಾರಲ್ಲ, ಆ ಹಲಗೆಗೆ ಗೋಂದು ಹಾಕಿರುವುದಿಲ್ಲ. ಚೌಕಟ್ಟಿನ ಒಳಅಂಚಿನಲ್ಲಿ ಕೊರೆದ ಉದ್ದ ಸಾಲಿನೊಳಗೆ, ಅಂದರೆ ಗಾಡಿಯೊಳಗೆ, ಸುಮ್ನೆ ಇಟ್ಟಿರುತ್ತಾರೆ. ಒಳಗಿನ ಹಲಗೆ ಹಿಗ್ಗಿ ಕುಗ್ಗಿದರೂ ಬಾಗಿಲಿನ ಅಳತೆ ಕಾಯುವುದು ಚೌಕಟ್ಟು. ಅಂದಕ್ಕೆ ಮಾಡಿದ್ದು ಅಂತ ನಾವು ಅಂದುಕೊಂಡ ಎಷ್ಟೋ ವಿನ್ಯಾಸದ ಹಿಂದೆ ಮರದ ಈ ಓಡಾಟಕ್ಕೆ ಜಾಗ ಕೊಡುವ ಜಾಣತನ ಇದೆ.

ಪ್ಲೈ ಪಕ್ಷ

ಇಷ್ಟೆಲ್ಲ ಲೆಕ್ಕ ಯಾಕೆ? 18 ಮಿ.ಮೀ. ಒಳ್ಳೆ ಪ್ಲೈವುಡ್ ತಗೊಂಡು ಅಂಚಿಗೆ ಮರದ ಪಟ್ಟಿ ಅಂಟಿಸಿದರೆ ಮುಗೀತಲ್ಲ. ಪದರಗಳ ನಾರು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಹಿಗ್ಗುವ ಕುಗ್ಗುವ ತಲೆನೋವಿಲ್ಲ. ಸುತ್ತಲೂ ಬಿಗಿ ಮಾಡಿದರೂ ಏನೂ ಆಗುವುದಿಲ್ಲ. ಮೊದಲ ಮೇಜಿಗೆ ಇದೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ಬರೆದ ದಪ್ಪವನ್ನು ಮಾತ್ರ ನಂಬಬೇಡಿ. 18 ಅಂತ ಇದ್ದದ್ದು 17 ಚಿಲ್ಲರೆ ಇರುವುದು ಸಾಮಾನ್ಯ. ಗಾಡಿ ಕೊರೆಯುವ ಮೊದಲು ಅಳೆಯಿರಿ.

ನಾರಿನ ಗುಂಟ

ಪ್ಲೈ ಅವರೇ, ಪುಸ್ತಕದ ಕಪಾಟು, ಅಡುಗೆಮನೆಯ ಪೆಟ್ಟಿಗೆಗಳಿಗೆ ನಾನೂ ಪ್ಲೈವುಡ್ಡೇ ಹೇಳುತ್ತೇನೆ. ಅದು ಕಡಿಮೆ ದರ್ಜೆಯ ಸಾಮಾನು ಅನ್ನುವುದು ತಪ್ಪು. ಆದರೆ ಮೇಜಿನ ಅಂಚಿಗೆ ದಿನಾ ಪೆಟ್ಟು ಬೀಳುತ್ತದೆ. ಮೇಲಿನ ತೆಳು ಪದರ ಒಮ್ಮೆ ಎದ್ದರೆ ಕೀಸಿ ಸರಿ ಮಾಡಲು ಅಲ್ಲಿ ಮರವೇ ಇರುವುದಿಲ್ಲ. ಅಸಲಿ ಮರದ ಹಲಗೆಯನ್ನು ಹತ್ತಿಪ್ಪತ್ತು ವರ್ಷದ ನಂತರವೂ ಕೀಸಿ ಹೊಸದು ಮಾಡಬಹುದು. ಅವರು ಕೇಳಿದ್ದೂ ಅಸಲಿ ಮರವನ್ನೇ ಅಲ್ವಾ?

ಹೊಸ ಹಲಗೆ

ನಾರಿನ ಗುಂಟ ಮೇಡಂ, ಹಲಗೆಯನ್ನು ಗಟ್ಟಿ ಹಿಡಿಯಲೂ ಬೇಕು, ಓಡಾಡಲೂ ಬಿಡಬೇಕು ಅಂದರೆ ಹೇಗೆ ಜೋಡಿಸುವುದು? ಮತ್ತೆ 600 ಮಿ.ಮೀ. ಅಗಲದ ಒಂದೇ ಹಲಗೆ ಸಿಗುವುದಿಲ್ಲ. ಐದು ಹಲಗೆ ಅಂಟಿಸಬೇಕು. ಮರ ಬಂದಿದೆ, ತೇಗವೇ. ಕೋಣೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದೇನೆ.

ನಾರಿನ ಗುಂಟ

ಮೊದಲು ಆ ಹಲಗೆಗಳ ನಡುವೆ ಒಂದೇ ದಪ್ಪದ ಸಣ್ಣ ಪಟ್ಟಿಗಳನ್ನಿಡಿ. ಎಲ್ಲ ಮುಖಕ್ಕೂ ಗಾಳಿ ಆಡಬೇಕು. ಪಟ್ಟಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ ಬರಲಿ, ಇಲ್ಲದಿದ್ದರೆ ಭಾರಕ್ಕೆ ಹಲಗೆ ಬಾಗುತ್ತದೆ. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ತಕ್ಕಡಿ ಸಾಕು. ಒಂದು ಹಲಗೆಯನ್ನು ವಾರಕ್ಕೊಮ್ಮೆ ತೂಗಿ ಅದರ ಮೇಲೇ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಅದು ನಿಮ್ಮ ಕೋಣೆಯ ಗಾಳಿಗೆ ಹೊಂದಿಕೊಂಡಿದೆ. ಅಲ್ಲಿಯವರೆಗೆ ಕೊಯ್ಯಬೇಡಿ. ಆಮೇಲೆ ಕೀಸುವಾಗಲೂ ಎರಡೂ ಮುಖದಿಂದ ಹೆಚ್ಚುಕಮ್ಮಿ ಸಮನಾಗಿ ತೆಗೆಯಿರಿ. ಒಂದೇ ಮುಖ ತೆಗೆದರೆ ಒಳಗಿನ ಬಿಗಿತ ಸಮತೂಕ ತಪ್ಪಿ ಹಲಗೆ ಬಾಗುತ್ತದೆ.

ಜೋಡಿಸುವುದಕ್ಕೆ ನನ್ನ ಮೆಚ್ಚಿನ ಉಪಾಯ ಮರದ ಕೊಕ್ಕೆ. ಪಟ್ಟಿಯ ಒಳಮುಖದಲ್ಲಿ ಮೇಲಿನಿಂದ ಸ್ವಲ್ಪ ಕೆಳಗೆ ಒಂದು ಗಾಡಿ. ಮೆಟ್ಟಿಲು ಆಕಾರದ ಸಣ್ಣ ಮರದ ತುಂಡಿನ ನಾಲಿಗೆ ಆ ಗಾಡಿಯೊಳಗೆ ಕೂರುತ್ತದೆ. ತುಂಡನ್ನು ಮೇಲ್ಹಲಗೆಗೆ ಸ್ಕ್ರೂ ಮಾಡುತ್ತೀರಿ. ಹಲಗೆ ಪಟ್ಟಿಯ ಮೇಲೆ ಗಟ್ಟಿಯಾಗಿ ಕೂತಿರುತ್ತದೆ, ಆದರೆ ನಾಲಿಗೆ ಗಾಡಿಯೊಳಗೆ ಜಾರಬಲ್ಲದು. ಅಗಲದ ಕಡೆಯ ಪಟ್ಟಿಗಳಲ್ಲಿ ಕೊಕ್ಕೆ ಗಾಡಿಯ ಗುಂಟ ಜಾರುತ್ತದೆ. ಉದ್ದದ ಪಟ್ಟಿಗಳಲ್ಲಿ ಅದು ಗಾಡಿಯ ಒಳಕ್ಕೂ ಹೊರಕ್ಕೂ ಹೋಗಬೇಕು, ಹಾಗಾಗಿ ನಾಲಿಗೆಯನ್ನು ಗಾಡಿಯ ತಳಕ್ಕೆ ಮುಟ್ಟಿಸದೆ ಎರಡು ಮೂರು ಮಿ.ಮೀ. ಬಿಡಿ.

ಅದು ಕಷ್ಟ ಅನ್ನಿಸಿದರೆ ಪಟ್ಟಿಗೆ ಒಳಗಿನಿಂದ ಒಂದು ಮರದ ಪಟ್ಟಿ ಅಂಟಿಸಿ, ಅದರಲ್ಲಿ ಗುಂಡು ತೂತಿನ ಬದಲು ಉದ್ದ ತೂತು ಕೊರೆದು, ವಾಷರ್ ಇಟ್ಟು ಸ್ಕ್ರೂ ಹಾಕಿ. ತೂತಿನ ಉದ್ದ ಮೇಜಿನ ಅಗಲದ ದಿಕ್ಕಿಗೇ ಇರಬೇಕು. ಅಗಲದ ಪಟ್ಟಿಗಳ ನಟ್ಟನಡುವೆ ಒಂದೊಂದು ಸ್ಕ್ರೂ ಮಾತ್ರ ಬಿಗಿಯಾಗಿರಲಿ. ಆಗ ಹಿಗ್ಗುವುದು ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ.

ಹಳೆ ಕೊಡತಿ

ಐದು ಹಲಗೆ ಅಂಟಿಸುವ ಬಗ್ಗೆ. ಅಂಚು ನೇರ ಬಂದರೆ ಉಳಿದದ್ದೆಲ್ಲ ಸುಲಭ. ಅಕ್ಕಪಕ್ಕ ಬರುವ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದ ಹಾಗೆ ಮಡಚಿ, ಎರಡರ ಅಂಚನ್ನೂ ಒಟ್ಟಿಗೆ ಕ್ಲಾಂಪಿನಲ್ಲಿ ಹಿಡಿದು ಒಂದೇ ಸಲ ಕೀಸಿ. ಕೀಸುಳಿ ಸ್ವಲ್ಪ ಓರೆಯಾಗಿದ್ದರೂ ಚಿಂತೆಯಿಲ್ಲ. ಒಂದು ಅಂಚು 89 ಡಿಗ್ರಿ ಆದರೆ ಇನ್ನೊಂದು 91 ಆಗುತ್ತದೆ. ಬಿಡಿಸಿ ಇಟ್ಟಾಗ ಸೇರಿ 180, ಹಲಗೆ ಸಪಾಟು. ಒಂದರ ಮೇಲೊಂದು ನಿಲ್ಲಿಸಿ ಹಿಂದೆ ದೀಪ ಹಿಡಿದು ನೋಡಿ. ತುದಿಗಳಲ್ಲಿ ಬೆಳಕು ಕಂಡರೆ ಮತ್ತೆ ಕೀಸಬೇಕು. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ ಒಳ್ಳೆಯದೇ, ಕ್ಲಾಂಪ್ ಅದನ್ನು ಮುಚ್ಚುತ್ತದೆ, ತುದಿಗಳೂ ಬಿಗಿಯಾಗಿರುತ್ತವೆ.

ಗೋಂದು ಮಾಮೂಲಿ ಬಿಳಿ ಪಿವಿಎ ಸಾಕು. ನಾರಿನ ಗುಂಟ ಸೇರಿದ ಅಂಚಿನಲ್ಲಿ ಅದು ಸರಿಯಾಗಿ ಹಿಡಿದರೆ ಮುರಿಯುವುದು ಮರವೇ ಹೊರತು ಗೋಂದಲ್ಲ. ತೇಗದಲ್ಲಿ ಎಣ್ಣೆ ಅಂಶ ಇದೆ. ಹಾಗಾಗಿ ಕೀಸಿದ ದಿನವೇ ಅಂಟಿಸಿ. ಉಂಗುರಗಳನ್ನು ಒಂದು ಹಲಗೆಗೆ ಮೇಲೆ, ಮುಂದಿನದಕ್ಕೆ ಕೆಳಗೆ ಹಾಗೆ ಅದಲುಬದಲು ಇಡಿ. ಬಾಗಿದರೂ ಒಂದನ್ನೊಂದು ಸರಿದೂಗಿಸುತ್ತವೆ.

ಗರಗಸದ ಹಲ್ಲು

ಈ ಉಂಗುರದ ವಿಚಾರದಲ್ಲಿ ನನ್ನದು ಬೇರೆ ಅಭಿಪ್ರಾಯ, ಸರ್. ಅದಲುಬದಲು ಇಟ್ಟರೆ ಹಲಗೆ ಬಾಗುವ ಬದಲು ಅಲೆಅಲೆಯಾಗುತ್ತದೆ. ಎಲ್ಲ ಒಂದೇ ಕಡೆ ಇದ್ದರೆ ಇಡೀ ಹಲಗೆ ಒಂದೇ ಸಣ್ಣ ಬಾಗು ಬಾಗುತ್ತದೆ. ಅದನ್ನು ಕೆಳಗಿನ ಪಟ್ಟಿ, ಕೊಕ್ಕೆಗಳು ಸುಲಭವಾಗಿ ಹಿಡಿದಿಡುತ್ತವೆ. ಅದಕ್ಕಿಂತ ಮುಖ್ಯ, ನಾರಿನ ದಿಕ್ಕು ಎಲ್ಲ ಹಲಗೆಯಲ್ಲೂ ಒಂದೇ ಕಡೆಗಿರಲಿ. ಇಲ್ಲದಿದ್ದರೆ ಅಂಟಿಸಿದ ಮೇಲೆ ಕೀಸುವಾಗ ಒಂದು ಹಲಗೆ ನುಣುಪಾಗಿ ಬರುತ್ತದೆ, ಪಕ್ಕದ್ದು ಕಿತ್ತು ಬರುತ್ತದೆ. ಮೇಲೆ ಯಾವ ಮುಖ ಚೆನ್ನಾಗಿ ಕಾಣುತ್ತದೋ ಅದನ್ನೇ ಇಡಿ. ದಿನಾ ನೋಡುವವರು ಅದನ್ನೇ ಅಲ್ವಾ ನೋಡುವುದು.

ಹಳೆ ಕೊಡತಿ

ನಾರಿನ ದಿಕ್ಕಿನ ಮಾತು ಸರಿ. ಚೆನ್ನಾಗಿ ಒಣಗಿದ ತೇಗದಲ್ಲಿ ಉಂಗುರ ಹೇಗಿಟ್ಟರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಕಿತ್ತು ಬರುವ ಜಾಗಕ್ಕೆ ಒಂದು ಉಪಾಯ: ಕೀಸುಳಿಯ ಬ್ಲೇಡಿನ ಮೇಲೆ ಕೂರುವ ಇನ್ನೊಂದು ತಗಡು ಇದೆಯಲ್ಲ, ಅದನ್ನು ಅಲಗಿನಿಂದ 0.2 ಅಥವಾ 0.3 ಮಿ.ಮೀ. ದೂರಕ್ಕೆ ತನ್ನಿ. ಸುರುಳಿ ಏಳುವ ಕ್ಷಣದಲ್ಲೇ ಅದು ಮುರಿದುಬಿಡುತ್ತದೆ, ನಾರು ಸೀಳಿಕೊಂಡು ಮುಂದೆ ಓಡುವುದಿಲ್ಲ. ಈ ಒಂದು ಹೊಂದಾಣಿಕೆಯಿಂದ ಗಂಟಿನ ಸುತ್ತಲೂ ನುಣುಪು ಬರುತ್ತದೆ.

ಇನ್ನು ಕಾಲು ಮತ್ತು ಪಟ್ಟಿಯ ಜೋಡಣೆ. ಅಲ್ಲಿ ಸ್ಕ್ರೂ ಬೇಡ. ಕಾಲಿನಲ್ಲಿ ತೂತು, ಪಟ್ಟಿಯ ತುದಿಯಲ್ಲಿ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದರಷ್ಟು ಅನ್ನುವುದು ಹಳೆಯ ಲೆಕ್ಕ. ಆದರೆ ಅಳತೆಯನ್ನು ನಿಮ್ಮ ಹತ್ತಿರದ ಉಳಿಯಿಂದಲೇ ತಗೊಳ್ಳಿ. ಪಟ್ಟಿ 20 ಮಿ.ಮೀ. ದಪ್ಪ ಇದ್ದು ಉಳಿ 6 ಮಿ.ಮೀ. ಇದ್ದರೆ ತೂತು 6, ನಾಲಿಗೆಯೂ 6. ಮೊದಲು ತೂತು ಮಾಡಿ, ಆಮೇಲೆ ಅದಕ್ಕೆ ಹೊಂದುವಂತೆ ನಾಲಿಗೆ ತಿದ್ದಿ. ನಾಲಿಗೆಯಿಂದ ಒಂದು ಎಳೆ ತೆಗೆಯುವುದು ಸುಲಭ, ತೂತಿನ ಒಳಗೋಡೆ ತಿದ್ದುವುದು ಕಷ್ಟ. ಡ್ರಿಲ್ಲಿನಿಂದ ಸಾಲಾಗಿ ತೂತು ಹೊಡೆದು, ಗೋಡೆಗಳನ್ನು ಉಳಿಯಿಂದ ನೇರ ಮಾಡಿದರೂ ಆಗುತ್ತದೆ. ಕಾಲಿನ ಮೇಲ್ತುದಿಗೆ ತೀರಾ ಹತ್ತಿರ ತೂತು ತರಬೇಡಿ, ತುದಿ ಸೀಳುತ್ತದೆ. ಕಾಲನ್ನು ಎರಡು ಮೂರು ಸೆಂ.ಮೀ. ಉದ್ದವಾಗಿಯೇ ಬಿಟ್ಟುಕೊಂಡು ಕೆಲಸ ಮುಗಿದ ಮೇಲೆ ಕೊಯ್ಯಿರಿ.

ನಾಲಿಗೆ ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದದ್ದು ಕೊಡತಿಯ ಹಗುರ ಪೆಟ್ಟಿಗೆ. ಸುತ್ತಿಗೆಯಿಂದ ಬಡಿಯಬೇಕಾಗಿ ಬಂದರೆ ಬಿಗಿ ಜಾಸ್ತಿ ಆಗಿದೆ, ಕಾಲು ಸೀಳುತ್ತದೆ. ಗೆರೆಗಳನ್ನು ಪೆನ್ಸಿಲ್ ಬದಲು ಚಾಕುವಿನಿಂದ ಎಳೆಯಿರಿ. ಪೆನ್ಸಿಲ್ ಗೆರೆಗೆ ಅಗಲ ಇದೆ. ಚಾಕುವಿನ ಗೆರೆಯೊಳಗೆ ಉಳಿಯ ಅಲಗು ತಾನಾಗಿ ಬಂದು ಕೂರುತ್ತದೆ. ನಾಲಿಗೆಯ ಭುಜ, ಅಂದರೆ ನಾಲಿಗೆಯ ಬುಡದಲ್ಲಿ ಪಟ್ಟಿಯ ಮೆಟ್ಟಿಲಿನಂಥ ಅಂಚು, ಕಾಲಿಗೆ ಸಂದಿಲ್ಲದೆ ಕೂರಲು ಇದರಷ್ಟು ಸಹಾಯ ಬೇರೆ ಯಾವುದೂ ಮಾಡುವುದಿಲ್ಲ.

ಧೂಳು ಸಾಕು

ನಡುವೆ ಬಾಯಿ ಹಾಕುತ್ತಿದ್ದೇನೆ, ಆದರೆ ಹೇಳಲೇಬೇಕು. ಇದು ಮುಚ್ಚಿದ ಕೋಣೆ, ಮನೆಯೊಳಗೇ ಇದೆ, ಮಗು ಓಡಾಡುವ ಮನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಕೀಸುಳಿಯ ಸುರುಳಿ ನೆಲಕ್ಕೆ ಬೀಳುತ್ತದೆ, ಅದರಿಂದ ಅಪಾಯ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಬರುವುದು ಸ್ಯಾಂಡರಿನಿಂದ ಮತ್ತು ಯಂತ್ರದ ಗರಗಸದಿಂದ. ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಸ್ಯಾಂಡರಿಗೆ ವ್ಯಾಕ್ಯೂಮ್ ಜೋಡಿಸಿ. ಎನ್95 ಮಾಸ್ಕ್ ಹಾಕಿ, ಮುಗಿದ ಮೇಲೂ ಸ್ವಲ್ಪ ಹೊತ್ತು ತೆಗೆಯಬೇಡಿ. ಪೊರಕೆಯಲ್ಲಿ ಗುಡಿಸಿದರೆ ಕೂತ ಧೂಳನ್ನು ಮತ್ತೆ ಎಬ್ಬಿಸಿದ ಹಾಗೆ ಆಗುತ್ತದೆ. ಸರ್ಕ್ಯುಲರ್ ಸಾ ಓಡಿಸುವಾಗ ಕಿವಿಗೂ ಕಣ್ಣಿಗೂ ರಕ್ಷಣೆ ಬೇಕೇ ಬೇಕು. ಆ ಸದ್ದು 85 ಡೆಸಿಬೆಲ್ ಮಿತಿಯನ್ನು ಬಹಳವೇ ದಾಟುತ್ತದೆ.

ಹೊಸ ಹಲಗೆ

ಹಲಗೆಯ ತೂಕ ಇಳಿಯುವುದು ನಿಂತಿತು. ಮೇಲ್ಹಲಗೆ ಅಂಟಿಸಿದ್ದಾಯಿತು. ಬೆಳಕು ಹಿಡಿದು ನೋಡುವ ಉಪಾಯ ಬಹಳ ಉಪಯೋಗಕ್ಕೆ ಬಂತು. ಗೋಂದಿನ ಗೆರೆ ಹುಡುಕಿದರೂ ಕಾಣುವುದಿಲ್ಲ. ಕಾಲು ಪಟ್ಟಿ ಗೋಂದಿಲ್ಲದೆ ಜೋಡಿಸಿ ನೋಡಿದೆ. ಭುಜಗಳು ಚೆನ್ನಾಗಿ ಕೂತಿವೆ. ಆದರೆ ಮೇಲಿನಿಂದ ನೋಡಿದರೆ ಚೌಕಟ್ಟು ಸ್ವಲ್ಪ ಓರೆ ಇದೆ ಅನ್ನಿಸುತ್ತದೆ. ಒಂದು ಮೂಲೆಗೆ ಮೂಲೆಮಟ್ಟ ಇಟ್ಟರೆ ಸರಿ ತೋರಿಸುತ್ತದೆ.

ಗರಗಸದ ಹಲ್ಲು

ಕರ್ಣಗಳನ್ನು ಅಳೆಯಿರಿ. ಎದುರುಬದುರು ಮೂಲೆಗಳ ನಡುವಿನ ಎರಡು ಅಳತೆ ಒಂದೇ ಬಂದರೆ ಚೌಕ. ಬೇರೆ ಬಂದರೆ ಉದ್ದ ಜಾಸ್ತಿ ಇರುವ ಕರ್ಣದ ಮೇಲೆ ಕ್ಲಾಂಪ್ ಹಾಕಿ ನಿಧಾನಕ್ಕೆ ಬಿಗಿ ಮಾಡಿ, ಎರಡೂ ಸಮ ಬರುವ ತನಕ. ಗೋಂದು ಹಚ್ಚಿದ ದಿನವೂ ಇದನ್ನೇ ಮಾಡಿ. ಗೋಂದು ಹಿಡಿದ ಮೇಲೆ ತಿದ್ದಲಾಗುವುದಿಲ್ಲ.

ಆ ಮೂಲೆಮಟ್ಟವನ್ನೂ ಒಮ್ಮೆ ನೋಡಿಬಿಡಿ. ನೇರ ಅಂಚಿನ ಹಲಗೆಗೆ ಒತ್ತಿ ಒಂದು ಗೆರೆ ಎಳೆಯಿರಿ. ಮಟ್ಟವನ್ನು ತಿರುವಿ ಅದೇ ಜಾಗದಲ್ಲಿ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಬಂದರೆ ಮಟ್ಟ ಸರಿ. ಬಾಯಿ ತೆರೆದರೆ ಮಟ್ಟದ ತಪ್ಪು ಆ ಅಂತರದ ಅರ್ಧ.

ಹೊಸ ಹಲಗೆ

ಎರಡು ಗೆರೆ ತುದಿಯಲ್ಲಿ ಬೇರೆಬೇರೆಯಾದವು. ತಪ್ಪು ಮಟ್ಟದ್ದೇ. ಬೇರೆ ತಂದು ಕರ್ಣ ಸರಿ ಮಾಡಿ, ಗೋಂದು ಹಾಕಿ ಬಿಗಿದಿದ್ದೇನೆ. ಇನ್ನು ಉಳಿದಿರುವುದು ಪಾಲಿಶ್. ಮಗಳು ಬರೆಯುವಾಗ ನೀರು ಚೆಲ್ಲುತ್ತಾಳೆ, ಬಣ್ಣ ಚೆಲ್ಲುತ್ತಾಳೆ. ಏನು ಹಚ್ಚಲಿ?

ನಾರಿನ ಗುಂಟ

ಶೆಲ್ಯಾಕ್ ಅಂದರೆ ಅರಗು. ನೋಡಲು ಬಹಳ ಚೆನ್ನ, ಆದರೆ ಬಿಸಿಗೆ, ಸ್ಪಿರಿಟ್ಟಿಗೆ ತಡೆಯುವುದಿಲ್ಲ. ನೀರು ಚೆಲ್ಲುವ ಮೇಜಿಗೆ ಪಾಲಿಯುರೆಥೇನ್ ವಾರ್ನಿಷ್ ಸರಿ. ಬಟ್ಟೆಯಿಂದ ಒರೆಸಿ ಹಚ್ಚುವಷ್ಟು ತೆಳು ಮಾಡಿದ್ದನ್ನು ತಗೊಂಡರೆ ಬ್ರಷ್ ಗೆರೆ ಬರುವುದಿಲ್ಲ. ಕೀಸಿದ ಮೇಲೆ 120, 180, 220 ಸ್ಯಾಂಡ್ ಪೇಪರ್, ನಾರಿನ ಗುಂಟವೇ. ತೇಗದ ಎಣ್ಣೆಯಿಂದ ವಾರ್ನಿಷ್ ಒಣಗಲು ತಡ ಆಗಬಹುದು. ಹಾಗಾಗಿ ಮೊದಲ ಪದರ ಹಚ್ಚುವ ಮುಂಚೆ ಮೇಲ್ಮೈಯನ್ನು ತಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ತೆಳು ಪದರ, ಒಣಗಲು ಸಮಯ, ನಡುವೆ 320ರಲ್ಲಿ ಹಗುರವಾಗಿ ಒಂದು ಸಲ. ಮೇಲ್ಹಲಗೆಯ ಕೆಳಮುಖಕ್ಕೂ ಅಷ್ಟೇ ಪದರ ಹಚ್ಚಿ. ಒಂದು ಮುಖ ಮಾತ್ರ ಮುಚ್ಚಿದರೆ ತೇವ ಒಂದೇ ಕಡೆಯಿಂದ ಹೋಗಿ ಬಂದು ಹಲಗೆ ಬಾಗಲು ದಾರಿ ಆಗುತ್ತದೆ.

ಧೂಳು ಸಾಕು

ಹಚ್ಚಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ, ಎಣ್ಣೆ ಬೆರೆತ ವಾರ್ನಿಷ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಉಂಡೆಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕಿಡಿ ಇಲ್ಲದೆಯೂ, ಕೆಲವು ಗಂಟೆಗಳ ನಂತರವೂ ಅದು ತಾನಾಗಿ ಹೊತ್ತಿಕೊಳ್ಳಬಹುದು. ಒಂದೊಂದೇ ಬಟ್ಟೆಯನ್ನು ಹೊರಗೆ ಹರಡಿ ಗಟ್ಟಿಯಾಗುವವರೆಗೆ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ.